ಪ್ರಾಣಿಗಳಿಗಾಗಿ ಕೆಲಸ ಮಾಡಬೇಕು ಅಂತಿದ್ದೀರಾ? ಮೊದಲು ಯಾವ ಪ್ರಾಣಿ ಅಂತ ಹೇಳಿ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ನೆಂಟರ ಮಕ್ಕಳು, ಗೆಳತಿಯರ ಮಕ್ಕಳು, ಕೆಲವೊಮ್ಮೆ ಯಾರೋ ನಂಬರ್ ಕೊಟ್ಟರು ಅಂತ ಪರಿಚಯವೇ ಇಲ್ಲದವರು. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ. "ಅಕ್ಕಾ, ನಂಗೆ ಪ್ರಾಣಿ ಅಂದ್ರೆ ತುಂಬಾ ಇಷ್ಟ. ಅವಕ್ಕೆ ಏನಾದ್ರೂ ಮಾಡ್ಬೇಕು. ವೆಟರ್ನರಿ ತಗೊಳ್ಳಲಾ, ಫಾರೆಸ್ಟಿಗೆ ಟ್ರೈ ಮಾಡ್ಲಾ?" ನಾನು ಬೆಂಗಳೂರಿನ ಹೊರವಲಯದ ಒಂದು ಪ್ರಾಣಿ ಆಶ್ರಯಧಾಮದಲ್ಲಿ ಹನ್ನೊಂದು ವರ್ಷದಿಂದ ಲೆಕ್ಕಪತ್ರ ನೋಡುತ್ತಿದ್ದೇನೆ. ಓದಿದ್ದು ಬಿಕಾಂ. ಡಾಕ್ಟರೂ ಅಲ್ಲ, ಅರಣ್ಯಾಧಿಕಾರಿಯೂ ಅಲ್ಲ. ಆದರೆ ಈ ಎಲ್ಲ ದಾರಿಗಳಲ್ಲಿ ನಡೆದವರು ನಮ್ಮ ಗೇಟಿನೊಳಗೆ ಬಂದು ಹೋಗುತ್ತಾರೆ. ಅವರ ಒಂದು ದಿನ ಹೇಗಿರುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಆ ಮಕ್ಕಳಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಯಾವ ಪ್ರಾಣಿ?

ಸಕಲೇಶಪುರದ ಕಾಫಿ ತೋಟಕ್ಕೆ ಇಳಿಯುವ ಆನೆಯ ಕಷ್ಟ ಬೇರೆ. ಕೋಲಾರದ ಕೊಟ್ಟಿಗೆಯಲ್ಲಿ ಕೆಚ್ಚಲು ಬಾವು ಬಂದು ನಿಂತಿರುವ ಸೀಮೆಹಸುವಿನ ಕಷ್ಟ ಬೇರೆ. ನಿಮ್ಮ ಬೀದಿಯ ಕುಂಟು ನಾಯಿಯದು ಇನ್ನೊಂದು. ಶೆಡ್ಡಿನ ಪಂಜರದೊಳಗಿನ ಮೊಟ್ಟೆ ಕೋಳಿಯದು ಮತ್ತೊಂದು. ಹಸುವಿಗೆ ಬೇಕಿರುವುದು ಔಷಧಿ, ಆನೆಗೆ ಬೇಕಿರುವುದು ಓಡಾಡುವ ದಾರಿ, ಕೋಳಿಗೆ ಬೇಕಿರುವುದು ಕಾನೂನು. ಔಷಧಿ ಕೊಡುವವರಿಂದ ದಾರಿ ಉಳಿಸಲು ಆಗುವುದಿಲ್ಲ, ದಾರಿ ಉಳಿಸುವವರಿಗೆ ಕೆಚ್ಚಲು ಬಾವು ಗೊತ್ತಿರುವುದಿಲ್ಲ. "ಪ್ರಾಣಿ" ಅಂತ ಒಟ್ಟಾಗಿ ಹೇಳಿದರೆ ಕೋರ್ಸ್ ಆರಿಸುವುದು ಕಷ್ಟ. ಒಂದು ಪ್ರಾಣಿಯನ್ನು ಕಣ್ಣ ಮುಂದೆ ತಂದುಕೊಂಡು, ಅದನ್ನು ಕೊಲ್ಲುತ್ತಿರುವುದು ಏನು ಅಂತ ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ವೆಟರ್ನರಿ: ಮುದ್ದಿನ ನಾಯಿಗಿಂತ ಹಸುವಿನ ಓದು ಜಾಸ್ತಿ

ಹತ್ತರಲ್ಲಿ ಎಂಟು ಮಕ್ಕಳ ಬಾಯಲ್ಲಿ ಮೊದಲು ಬರುವುದು ಇದೇ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ಸಿಇಟಿ ಬರೆಯಬೇಕು. ಸೀಟಿನಲ್ಲಿ ಶೇಕಡಾ 15 ಅಖಿಲ ಭಾರತ ಕೋಟಾ, ಅದು ನೀಟ್ ಅಂಕದ ಮೇಲೆ. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಹಳ್ಳಿಯ ಮಕ್ಕಳು ಇದನ್ನು ಗೊತ್ತಿಲ್ಲದೆ ಬಿಟ್ಟುಬಿಡುವುದನ್ನು ನೋಡಿ ಬೇಜಾರಾಗಿದೆ. ದಯವಿಟ್ಟು ಅರ್ಜಿ ತುಂಬುವಾಗಲೇ ಆ ಕಾಲಂ ನೋಡಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗ ಮುಂತಾದ ಕಡೆ ಕಾಲೇಜುಗಳಿವೆ. ಒಟ್ಟು ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ರಾಜ್ಯದ ವೆಟರ್ನರಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೆ ಮಾತ್ರ ಚಿಕಿತ್ಸೆ ಕೊಡಬಹುದು.

ಸೇರುವ ಮೊದಲು ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಈ ಓದಿನ ಬಹುಪಾಲು ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕೋಳಿಯ ಸುತ್ತಲೇ ಇದೆ. ನಾಯಿ ಬೆಕ್ಕು ಒಂದು ಪಾಲು. ಹುಲಿ, ಆನೆ ಇನ್ನೂ ಸಣ್ಣ ಪಾಲು. ಸರ್ಕಾರಿ ಪಶು ಆಸ್ಪತ್ರೆಗೆ ಹೋದರೆ ನಿಮ್ಮ ದಿನ ಹೀಗಿರುತ್ತದೆ: ಬೆಳಗ್ಗೆ ಇಂಜೆಕ್ಷನ್ ಕೊಡಿಸಲು ಬಂದ ನಾಲ್ಕು ಹಸು, ಹೊಟ್ಟೆ ಉಬ್ಬರಿಸಿದ ಒಂದು ಮೇಕೆ, ಮಧ್ಯಾಹ್ನ ಕಾಲುಬಾಯಿ ಜ್ವರದ ಲಸಿಕೆಗೆ ಪಕ್ಕದ ಊರು, ನಡುವೆ ಒಂದು ರಾಶಿ ರಿಜಿಸ್ಟರು, ರಾತ್ರಿ ಹನ್ನೊಂದಕ್ಕೆ "ಸಾರ್, ಹಸು ಈಯಕ್ಕೆ ಆಗ್ತಿಲ್ಲ, ಕರು ಅಡ್ಡ ತಿರುಗಿದೆ" ಅಂತ ಫೋನು. ಟಾರ್ಚ್ ಬೆಳಕಿನಲ್ಲಿ ಭುಜದವರೆಗೆ ಕೈ ಹಾಕಿ ಕರು ತಿರುಗಿಸಿ ಎಳೆಯುವ ಕೆಲಸ ಅದು. ಕರುವೂ ಹಸುವೂ ಉಳಿದರೆ ಆ ಮನೆಯವರ ಮುಖದಲ್ಲಿ ಕಾಣುವ ಸಮಾಧಾನ ನೋಡಲು ಅಷ್ಟು ದೂರ ಹೋಗಬಹುದು ಅನ್ನುತ್ತಾರೆ ನನಗೆ ಗೊತ್ತಿರುವ ಒಬ್ಬ ಡಾಕ್ಟರಮ್ಮ. ಅವರು ಇಪ್ಪತ್ತು ವರ್ಷ ಅದನ್ನೇ ಮಾಡಿದ್ದಾರೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಊರೂರಿನಲ್ಲಿ ದನ ಸತ್ತವು. ಮೈತುಂಬಾ ಗಂಟು, ಕಾಲು ಊದಿ ನಿಲ್ಲಲಾಗದ ದನಗಳು. ಆಗ ಊರಿಗೆ ಬೇಕಾಗಿದ್ದವರು ಲಸಿಕೆ ಪೆಟ್ಟಿಗೆ ಹಿಡಿದ ಪಶುವೈದ್ಯರು, ಅವರ ಜೊತೆಯ ಪಶುವೈದ್ಯಕೀಯ ಪರೀಕ್ಷಕರು. ಎಷ್ಟು ಜೀವ ಉಳಿಯಿತು ಅಂತ ಲೆಕ್ಕ ಹಾಕಿದರೆ ಒಬ್ಬ ತಾಲ್ಲೂಕು ಪಶುವೈದ್ಯರ ಲೆಕ್ಕ ತುಂಬಾ ದೊಡ್ಡದು. 1962ಕ್ಕೆ ಫೋನ್ ಮಾಡಿದರೆ ಮನೆ ಬಾಗಿಲಿಗೆ ಬರುವ ಸಂಚಾರಿ ವಾಹನಗಳಿಗೂ ಈಗ ವೈದ್ಯರು ಬೇಕು.

ಆದರೆ ಮನಸ್ಸಿಗೆ ಭಾರ ಅನ್ನಿಸುವ ಭಾಗವೂ ಇದೆ. ರೈತನಿಗೆ ಹಸು ಪ್ರೀತಿಯದ್ದೇ, ಜೊತೆಗೆ ಬದುಕಿನ ಲೆಕ್ಕವೂ ಹೌದು. ಚಿಕಿತ್ಸೆಗೆ ಆಗುವ ಖರ್ಚು ಹಸುವಿನ ಬೆಲೆ ದಾಟಿದರೆ ಅವನು ಬೇಡ ಅಂದುಬಿಡುತ್ತಾನೆ. ನಿಮಗೆ ಉಳಿಸುವುದು ಗೊತ್ತು, ಉಳಿಸಲು ಬಿಡುವುದಿಲ್ಲ. ನಗರದ ಕ್ಲಿನಿಕ್‌ನಲ್ಲೂ ಹೀಗೇ. ಪಾರ್ವೊ ಅನ್ನುವ ವೈರಸ್ ರೋಗ ಬಂದ ನಾಯಿಮರಿಯನ್ನು ಲಸಿಕೆ ಹಾಕಿಸದೆ ತಂದು, ಬಿಲ್ ಕೇಳಿ ವಾಪಸ್ ಒಯ್ಯುವವರಿದ್ದಾರೆ. ಡಿಸ್ಟೆಂಪರ್ ಅನ್ನುವ ಅಂಟುರೋಗ ಬಂದು ಫಿಟ್ಸ್ ನಿಲ್ಲದ ನಾಯಿಗೆ ಕೊನೆಯ ಇಂಜೆಕ್ಷನ್ ಕೊಡುವ ಕೈ ನಿಮ್ಮದೇ ಆಗಿರುತ್ತದೆ. ನಮ್ಮಲ್ಲಿಗೆ ಬಂದ ಒಬ್ಬ ಚುರುಕಿನ ಹುಡುಗಿ ಮೊದಲ ಅಂಥ ಇಂಜೆಕ್ಷನ್ ಆದ ಮೇಲೆ ಹಿಂದಿನ ಗೋಡೆಗೆ ಒರಗಿ ಒಂದು ಗಂಟೆ ಕೂತಿದ್ದಳು. ಆಮೇಲೆ ಎದ್ದು ಮುಂದಿನ ಕೇಸ್ ನೋಡಿದಳು. ಅವಳು ಇವತ್ತಿಗೂ ಈ ಕೆಲಸದಲ್ಲಿದ್ದಾಳೆ.

ಕಾಡುಪ್ರಾಣಿ ಡಾಕ್ಟರ್ ಆಗಬೇಕು ಅನ್ನುವ ಆಸೆಯಿಂದ ವೆಟರ್ನರಿಗೆ ಸೇರುವವರಿಗೆ ಒಂದು ಮಾತು. ಮೃಗಾಲಯ, ಆನೆ ಶಿಬಿರ, ಹುಲಿ ಮೀಸಲು ಪ್ರದೇಶ, ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರದಂಥ ಜಾಗ, ಎಲ್ಲ ಸೇರಿಸಿದರೂ ಹುದ್ದೆಗಳು ಬಹಳ ಕಡಿಮೆ. ಆ ಹುದ್ದೆ ಸಿಗದಿದ್ದರೂ ಹಸುವಿನ ಜೊತೆ ಖುಷಿಯಾಗಿರುತ್ತೇನೆ ಅನ್ನಿಸಿದರೆ ಸೇರಿ. ಅನ್ನಿಸದಿದ್ದರೆ ಬೇಡ.

ಸಿಇಟಿಯಲ್ಲಿ ಅಂಕ ಬರಲಿಲ್ಲ ಅಂತ ಅಳುವವರಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ ಮಾಡುವ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ನೆನಪಿಸುತ್ತೇನೆ. ತಿಪಟೂರು ಹತ್ತಿರದ ಕೋನೇಹಳ್ಳಿಯಲ್ಲಿ ಇದಕ್ಕೇ ಒಂದು ಪಾಲಿಟೆಕ್ನಿಕ್ ಇದೆ. ಡಾಕ್ಟರ್ ಅನ್ನಿಸಿಕೊಳ್ಳುವುದಿಲ್ಲ, ಆದರೆ ದನದ ಪಕ್ಕ ನಿಲ್ಲುವ ಹೊತ್ತು ಡಾಕ್ಟರಿಗಿಂತ ಜಾಸ್ತಿ.

ಅರಣ್ಯ ಇಲಾಖೆ: ಕಾಡು ಅರ್ಧ, ಊರು ಅರ್ಧ

ನಮ್ಮ ರಾಜ್ಯದಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ ಅಂತ ಐದು ಹುಲಿ ಮೀಸಲು ಪ್ರದೇಶಗಳಿವೆ. 2022ರ ಗಣತಿಯಲ್ಲಿ 563 ಹುಲಿ, ಮಧ್ಯಪ್ರದೇಶ ಬಿಟ್ಟರೆ ನಾವೇ. 2023ರ ಆನೆ ಗಣತಿಯಲ್ಲಿ ಅಂದಾಜು 6,395 ಆನೆ. ಈ ಅಂಕಿಗಳ ಹಿಂದೆ ದಿನಾ ಬೆಳಗ್ಗೆ ಗಸ್ತು ಹೊರಡುವ ಜನ ಇದ್ದಾರೆ. ಅವರಲ್ಲಿ ಎಷ್ಟೋ ಜನ ದಿನಗೂಲಿ, ಹೊರಗುತ್ತಿಗೆಯವರು. ಕಳ್ಳಬೇಟೆ ತಡೆ ಶಿಬಿರದ ಒಂದು ಕೋಣೆ, ಸುತ್ತ ಆನೆ ಬಾರದಂತೆ ತೋಡಿದ ಕಂದಕ, ಸೋಲಾರ್ ದೀಪ, ಅಕ್ಕಿ ಬೇಳೆ, ವೈರ್‌ಲೆಸ್. ಮನೆಗೆ ಹೋಗುವುದು ಸರದಿಯ ಮೇಲೆ. ಫೋನ್ ಸಿಗ್ನಲ್‌ಗೆ ಒಂದು ಬಂಡೆ ಹತ್ತಬೇಕು.

ಒಳಗೆ ಹೋಗಲು ಹಲವು ಬಾಗಿಲುಗಳಿವೆ. ಅರಣ್ಯ ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಗಸ್ತು ಅರಣ್ಯ ಪಾಲಕರಿಗೆ ಪಿಯುಸಿ. ಇವೆರಡಕ್ಕೂ ಓಟ, ಜಿಗಿತದಂಥ ದೇಹದಾರ್ಢ್ಯ ಪರೀಕ್ಷೆ ಇದೆ. ಅದರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಅದರ ಮೇಲೆ ವಲಯ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ. ಶಿರಸಿ, ಪೊನ್ನಂಪೇಟೆಯಲ್ಲಿ ಬಿಎಸ್ಸಿ ಫಾರೆಸ್ಟ್ರಿ ಓದಿದವರಿಗೆ ಆರ್‌ಎಫ್‌ಒ ಹುದ್ದೆಗಳಲ್ಲಿ ಒಂದು ಪಾಲು ಮೀಸಲು. ಎಲ್ಲಕ್ಕಿಂತ ಮೇಲೆ ಯುಪಿಎಸ್‌ಸಿ ನಡೆಸುವ ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆ. ಇತ್ತೀಚೆಗೆ ಇಡೀ ದೇಶಕ್ಕೆ ವರ್ಷಕ್ಕೆ 150ರ ಆಸುಪಾಸು ಹುದ್ದೆ. ಇಲ್ಲಿ ಒಂದು ತೊಡಕು ಇದೆ, ಇದನ್ನು ತಡವಾಗಿ ತಿಳಿದು ಪೇಚಾಡಿದವರನ್ನು ಬಲ್ಲೆ. ಐಎಫ್‌ಎಸ್‌ಗೆ ಯಾವುದೋ ಒಂದು ಡಿಗ್ರಿ ಸಾಲದು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಕೃಷಿ, ಅರಣ್ಯ, ಪಶುವೈದ್ಯಕೀಯ, ಎಂಜಿನಿಯರಿಂಗ್, ಇವುಗಳಲ್ಲಿ ಒಂದು ಇರಲೇಬೇಕು. ಬಿಎ, ಬಿಕಾಂ ಮಾಡಿ ಐಎಎಸ್ ಬರೆಯಬಹುದು, ಐಎಫ್‌ಎಸ್ ಬರೆಯಲು ಆಗುವುದಿಲ್ಲ. ಆಯ್ಕೆಯ ಕೊನೆಯಲ್ಲಿ ನಡಿಗೆ ಪರೀಕ್ಷೆಯೂ ಇದೆ. ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್.

ಕಾಡಿನ ಕೆಲಸ ಅಂದರೆ ಹುಲಿ ನೋಡುವುದು ಅಂದುಕೊಂಡಿದ್ದರೆ ಹಾಸನ, ಕೊಡಗಿನ ಯಾರಾದರೂ ಆರ್‌ಎಫ್‌ಒ ಜೊತೆ ಒಂದು ದಿನ ಇದ್ದು ನೋಡಿ. ಬೆಳಗ್ಗೆ ಆನೆ ತುಳಿದ ಗದ್ದೆಗೆ ಹೋಗಿ ಪರಿಹಾರದ ಮಹಜರು. ಮಧ್ಯಾಹ್ನ ಊರವರ ಪ್ರತಿಭಟನೆ. ಅವರ ಸಿಟ್ಟು ಸುಳ್ಳಲ್ಲ. ಒಂದು ರಾತ್ರಿಯಲ್ಲಿ ವರ್ಷದ ಭತ್ತ ಹೋಗಿರುತ್ತದೆ, ಕೆಲವೊಮ್ಮೆ ಮನೆಯ ಮನುಷ್ಯನೇ ಹೋಗಿರುತ್ತಾನೆ. ಸಂಜೆ ಉರುಳು ಹಾಕಿದವನ ಮೇಲೆ ಕೇಸ್ ಬರೆಯುವುದು, ರಾತ್ರಿ ರಸ್ತೆಗೆ ಬಂದ ಆನೆಯನ್ನು ಕಾಡಿಗೆ ತಿರುಗಿಸುವುದು. ಫೆಬ್ರವರಿ, ಮಾರ್ಚ್ ಬಂದರೆ ಬೆಂಕಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಹಸಿ ಸೊಪ್ಪು ಹಿಡಿದು ಬಡಿದು ಆರಿಸಿದವರು ಇವರೇ.

ಪ್ರಾಣದ ಅಪಾಯವನ್ನೂ ಮನೆಯವರಿಗೆ ಮುಚ್ಚಿಡಬೇಡಿ. 1991ರ ನವೆಂಬರ್ 10ರಂದು ಐಎಫ್‌ಎಸ್ ಅಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಮೋಸದಿಂದ ಕರೆಸಿ ಕೊಂದ. ಅವರಿಗೆ ಆಮೇಲೆ ಕೀರ್ತಿ ಚಕ್ರ ಬಂತು. ಆ ಕಾಲ ಮುಗಿಯಿತು ಅನ್ನಬಹುದು. ಆದರೆ 2023ರ ಆಗಸ್ಟ್ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ಗಾಯಗೊಂಡ ಆನೆಗೆ ಅರಿವಳಿಕೆ ಹೊಡೆಯಲು ಹೋದ ಅನುಭವಿ ಸಿಬ್ಬಂದಿ ಅದೇ ಆನೆಗೆ ಬಲಿಯಾದರು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರಿನ ಕಾರ್ಯಾಚರಣೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನನೇ ಕಾಡಾನೆಯ ಜೊತೆ ಕಾದಾಡಿ ಸತ್ತ. ಅವತ್ತು ಮಾವುತರು ಅತ್ತದ್ದನ್ನು ಟಿವಿಯಲ್ಲಿ ನೋಡಿ ನಮ್ಮ ಇಡೀ ಆಶ್ರಯಧಾಮ ಊಟ ಬಿಟ್ಟಿತ್ತು.

ಇಷ್ಟೆಲ್ಲ ಹೇಳಿದರೂ, ಒಂದು ಪ್ರಾಣಿಯಲ್ಲ, ಇಡೀ ಕಾಡನ್ನೇ ಕಾಯಬೇಕು ಅನ್ನುವವರಿಗೆ ಇದಕ್ಕಿಂತ ನೇರ ದಾರಿ ಇಲ್ಲ. ಸಮವಸ್ತ್ರದ ಅಧಿಕಾರ ಬೇರೆ ಯಾವ ಕೆಲಸದಲ್ಲೂ ಸಿಗುವುದಿಲ್ಲ. ಬೆಲೆ ಏನಪ್ಪಾ ಅಂದರೆ, ವರ್ಗಾವಣೆ ಬಂದಾಗ ಹುಲಿ ಕಾಡು ಬಿಟ್ಟು ನೀಲಗಿರಿ ನೆಡುತೋಪಿಗೂ ಹೋಗಬೇಕು.

ಸಂಶೋಧನೆ: ತಾಳ್ಮೆ ಇದ್ದವರಿಗೆ

ಇಲ್ಲಿ ಒಳ್ಳೆಯ ಸುದ್ದಿ ಅಂದರೆ ಮೊದಲ ಡಿಗ್ರಿ ಯಾವುದು ಅನ್ನುವುದು ಅಷ್ಟು ಮುಖ್ಯ ಅಲ್ಲ. ಹುಲಿ ಎಣಿಸುವ ರೀತಿಯನ್ನೇ ಬದಲಿಸಿದ ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ನಾಗರಹೊಳೆಯಲ್ಲಿ ಅವರು ಮಾಡಿದ ಕೆಲಸದಿಂದ ಹೆಜ್ಜೆ ಗುರುತು ನೋಡಿ ಅಂದಾಜು ಹೇಳುವ ಕಾಲ ಹೋಗಿ, ಪ್ರಾಣಿ ಎದುರು ಬಂದರೆ ತಾನೇ ಕ್ಲಿಕ್ಕಿಸುವ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಪಟ್ಟೆ ನೋಡಿ ಹುಲಿ ಗುರುತಿಸುವ ಕಾಲ ಬಂತು. ನಮ್ಮ ಬೆರಳಚ್ಚಿನ ಹಾಗೆ ಒಂದೊಂದು ಹುಲಿಯ ಪಟ್ಟೆ ಒಂದೊಂದು ತರಹ.

ಓದಲು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಎಂಎಸ್ಸಿ ಇದೆ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಇದೆ. ಎರಡಕ್ಕೂ ಪ್ರವೇಶ ಪರೀಕ್ಷೆ, ಸೀಟು ಬೆರಳೆಣಿಕೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ವಿಭಾಗ ಇದೆ, ಮಲೆನಾಡಿನ ಮಕ್ಕಳಿಗೆ ಮನೆ ಹತ್ತಿರ.

ದುಡ್ಡಿನ ವಿಚಾರ ನೇರವಾಗಿ ಹೇಳಿಬಿಡುತ್ತೇನೆ. ಸರ್ಕಾರಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಅದು ಸಿಗದೆ ಪ್ರಾಜೆಕ್ಟ್ ಮೇಲೆ ಕೆಲಸ ಮಾಡುವವರಿಗೆ ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಮೂವತ್ತು ದಾಟಿದರೂ ಖಾಯಂ ಅನ್ನುವುದು ಇರುವುದಿಲ್ಲ. ಮನೆಯಲ್ಲಿ ಸಾಲ ಇದ್ದು, ತಮ್ಮ ತಂಗಿಯರ ಓದು ನಿಮ್ಮ ಹೆಗಲ ಮೇಲಿದ್ದರೆ ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು, ಅದರಲ್ಲಿ ನಾಚಿಕೆ ಏನಿಲ್ಲ.

"ಸಂಶೋಧನೆಯಿಂದ ಪ್ರಾಣಿ ಉಳಿಯುತ್ತದಾ, ಸುಮ್ನೆ ಪೇಪರ್ ಬರೆಯುವುದಲ್ವಾ?" ಅಂತ ಕೇಳುವವರಿಗೆ ನಾನು ವಾಲ್ಪಾರೈ ತೋರಿಸುತ್ತೇನೆ. ತಮಿಳುನಾಡಿನ ಆ ಟೀ ತೋಟಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ವರ್ಷಗಟ್ಟಲೆ ಆನೆ ಎಲ್ಲಿ ಹೋಗುತ್ತದೆ, ಜನ ಎಲ್ಲಿ ಸಾಯುತ್ತಾರೆ ಅಂತ ಬರೆದಿಟ್ಟುಕೊಂಡರು. ಗೊತ್ತಾದದ್ದು ಏನು? ಆನೆ ಹತ್ತಿರ ಇದೆ ಅಂತ ತಿಳಿಯದೆ ಕತ್ತಲಲ್ಲಿ ಎದುರಾದಾಗ ಹೆಚ್ಚಿನ ಸಾವು. ಹಾಗಾಗಿ ಮೊಬೈಲ್ ಸಂದೇಶ, ಎತ್ತರದ ಜಾಗದಲ್ಲಿ ಕೆಂಪು ದೀಪ. ಇಷ್ಟು ಸರಳ. ಜನ ಸಾಯುವುದು ಕಡಿಮೆ ಆದರೆ ಆನೆಯನ್ನು ಹಿಡಿದು ಸಾಗಿಸಿ ಅನ್ನುವ ಕೂಗೂ ಕಡಿಮೆ ಆಗುತ್ತದೆ. ಆ ನೋಟ್‌ಬುಕ್ ಇಲ್ಲದಿದ್ದರೆ ಆ ದೀಪ ಇರುತ್ತಿರಲಿಲ್ಲ.

ವಕೀಲಿ: ಯಾರೂ ಕೇಳದ ದಾರಿ

ನನ್ನ ಪ್ರಕಾರ ನಮ್ಮ ಮಕ್ಕಳು ಅತಿ ಕಡಿಮೆ ಯೋಚಿಸುವ, ಆದರೆ ಅತಿ ಜಾಸ್ತಿ ಬೇಕಾಗಿರುವ ಕೆಲಸ ಇದು. ಒಂದು ಉದಾಹರಣೆ ಸಾಕು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಬಂತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವತ್ತಿನಿಂದ ಎಷ್ಟು ಜಿಂಕೆ, ಎಷ್ಟು ಚಿರತೆ ಆ ರಸ್ತೆಯನ್ನು ನಿಧಾನವಾಗಿ ದಾಟಿರಬಹುದು, ಯೋಚಿಸಿ. ಯಾವ ಡಾಕ್ಟರಿಂದಲೂ ಅಷ್ಟು ಜೀವ ಉಳಿಸಲು ಆಗುತ್ತಿರಲಿಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಗಣಿ ನಿಂತದ್ದೂ ಹಾಗೇ, ಸುಪ್ರೀಂ ಕೋರ್ಟಿನ ಆದೇಶದಿಂದ, 2005ರ ಕೊನೆಗೆ.

ಕಾನೂನು ಎಷ್ಟು ಹಳೆಯದಾಗಿದೆ ಅಂತ ನಮ್ಮ ಆಫೀಸಿನಲ್ಲಿ ಕೂತರೆ ದಿನಾ ಗೊತ್ತಾಗುತ್ತದೆ. ನವಿಲನ್ನು ಕೊಂದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ 3ರಿಂದ 7 ವರ್ಷ ಜೈಲು. ಎತ್ತನ್ನು ರಕ್ತ ಬರುವ ಹಾಗೆ ಹೊಡೆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇವತ್ತಿಗೂ ಅಷ್ಟೇ. ಒಂದು ಸಲ ಬಾಲಕ್ಕೆ ಬೆಂಕಿ ಹಚ್ಚಿಸಿಕೊಂಡ ನಾಯಿಯನ್ನು ನಮ್ಮಲ್ಲಿಗೆ ತಂದರು. ದೂರು ಕೊಡಲು ಹೋದ ಹುಡುಗನಿಗೆ ಯಾವ ಸೆಕ್ಷನ್ ಅಂತ ಗೊತ್ತಿರಲಿಲ್ಲ, ಬರೆದುಕೊಳ್ಳುವವರಿಗೂ ಗೊತ್ತಿರಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ 5 ವರ್ಷದವರೆಗೆ ಶಿಕ್ಷೆ ಆಗಬಹುದು ಅಂತ ಹೇಳಲು ಪಕ್ಕದಲ್ಲಿ ಒಬ್ಬ ವಕೀಲರು ಇದ್ದಿದ್ದರೆ ಅವತ್ತಿನ ದಿನ ಬೇರೆ ಆಗುತ್ತಿತ್ತು. ತಾಲ್ಲೂಕು ಕೋರ್ಟಿನಲ್ಲಿ ಇದನ್ನೆಲ್ಲ ಬಲ್ಲ ಒಬ್ಬರು ಇದ್ದರೂ ಸಾಕು, ಸುತ್ತಲಿನ ಪ್ರಾಣಿಗಳಿಗೆ ದೊಡ್ಡ ಆಸರೆ.

ಪಿಯುಸಿ ಆದ ಮೇಲೆ ಐದು ವರ್ಷ, ಅಥವಾ ಯಾವುದಾದರೂ ಡಿಗ್ರಿ ಆದ ಮೇಲೆ ಮೂರು ವರ್ಷ. ಬಿಎ, ಬಿಕಾಂ ಮಾಡಿ "ನನಗೆ ಇನ್ನು ದಾರಿ ಇಲ್ಲ" ಅನ್ನುವವರು ಇದನ್ನು ನೋಡಿ. ಬರೀ ಪ್ರಾಣಿಗಳ ಕೇಸಿನಿಂದ ಹೊಟ್ಟೆ ತುಂಬುವುದಿಲ್ಲ, ಅದು ನಿಜ. ಜಮೀನು, ಚೆಕ್‌ಬೌನ್ಸ್ ಕೇಸ್ ನಡೆಸುತ್ತಾ ವಾರಕ್ಕೊಂದು ದಿನ ಇದಕ್ಕೆ ಇಟ್ಟವರೇ ನನಗೆ ಗೊತ್ತಿರುವವರಲ್ಲಿ ಹೆಚ್ಚು.

ಕೋಳಿ: ಎಲ್ಲರೂ ಬಿಟ್ಟಿರುವ ಪ್ರಾಣಿ

ಯಾವ ಪ್ರಾಣಿ ಅಂತ ಕೇಳಿದರೆ ಇದುವರೆಗೆ ಒಬ್ಬರೂ ನನಗೆ ಕೋಳಿ ಅಂದಿಲ್ಲ. ಆದರೆ ಲೆಕ್ಕ ಬರೆಯುವವಳಾಗಿ ನನಗೆ ಸಂಖ್ಯೆ ಕಣ್ಣಿಗೆ ಹೊಡೆಯುತ್ತದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ದನ, ಎಮ್ಮೆ, ಕುರಿ, ಮೇಕೆ, ಹಂದಿ ಮುಂತಾದ ಎಲ್ಲ ಜಾನುವಾರು ಸೇರಿಸಿದರೆ ಸುಮಾರು 53.6 ಕೋಟಿ. ಕೋಳಿ ಮುಂತಾದ ಸಾಕು ಹಕ್ಕಿಗಳು 85 ಕೋಟಿಗೂ ಜಾಸ್ತಿ. ಅದೂ ಒಂದು ಹೊತ್ತಿನ ಎಣಿಕೆ. ಮಾಂಸದ ಕೋಳಿ ಬದುಕುವುದೇ ಐದಾರು ವಾರ, ಹಾಗಾಗಿ ವರ್ಷದ ಲೆಕ್ಕ ಇನ್ನೂ ಎಷ್ಟೋ ಪಟ್ಟು. ಪಂಜರದ ಮೊಟ್ಟೆ ಕೋಳಿಗೆ ಸಿಗುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ರೆಕ್ಕೆ ಬಿಚ್ಚಲು ಆಗುವುದಿಲ್ಲ. ಮೊಟ್ಟೆ ತಳಿಯ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ, ಅವು ಮೊಟ್ಟೆ ಇಡುವುದಿಲ್ಲವಲ್ಲ.

ನೀವು ಮಾಂಸ ತಿನ್ನುತ್ತೀರೋ ಇಲ್ಲವೋ ಅನ್ನುವ ಮಾತು ಬೇರೆ, ನಾನು ಆ ಜಗಳಕ್ಕೆ ಬರುವುದಿಲ್ಲ. ತಿನ್ನುವವರ ಮನೆಯ ಮಗಳೂ ಈ ಕೆಲಸ ಮಾಡಬಹುದು. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಕೋಳಿ ಸಾಕಣೆ, ಸಾಗಣೆಗೆ ಕರಡು ನಿಯಮಗಳನ್ನೇ ಬರೆದು ಕೊಟ್ಟಿತು. ನಿಯಮ ಬರೆಯುವುದು, ಅದಕ್ಕಾಗಿ ಸರ್ಕಾರದ ಬೆನ್ನು ಹತ್ತುವುದು, ಹೋಟೆಲ್ ಮತ್ತು ಬೇಕರಿ ಕಂಪನಿಗಳ ಜೊತೆ ಕೂತು ಪಂಜರದ ಮೊಟ್ಟೆ ಬಿಡಿಸುವುದು, ಪಂಜರ ಬಿಟ್ಟು ನೆಲದ ಮೇಲೆ ಸಾಕಲು ಬಯಸುವ ರೈತನಿಗೆ ಬ್ಯಾಂಕ್ ಸಾಲದ ಲೆಕ್ಕ ಹಾಕಿಕೊಡುವುದು, ಇವೆಲ್ಲ ಈಗ ಸಂಬಳ ಇರುವ ಕೆಲಸಗಳು. ಇಲ್ಲಿ ಬೇಕಿರುವುದು ಕಾಮರ್ಸ್, ಕಾನೂನು, ಆಹಾರ ವಿಜ್ಞಾನ, ಮಾತಿನ ಚಾಕಚಕ್ಯತೆ. ಕೋಳಿಯನ್ನು ಮುಟ್ಟುವ ಪ್ರಸಂಗ ಕಡಿಮೆ. ಮುದ್ದಾಡಲು ಪ್ರಾಣಿ ಬೇಕೇ ಬೇಕು ಅನ್ನುವವರಿಗೆ ಈ ಕೆಲಸ ಒಗ್ಗುವುದಿಲ್ಲ. ಆದರೆ ಹತ್ತು ಜನ ಸೇರಿ ಒಂದು ನಿಯಮ ಬದಲಿಸಿದರೆ ಕೋಟಿ ಲೆಕ್ಕದಲ್ಲಿ ಜೀವಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ನನಗೆ ಮತ್ತೆ ಹದಿನೆಂಟು ವರ್ಷ ಆದರೆ ನಾನು ಇದನ್ನೇ ಆರಿಸುತ್ತೇನೆ.

ಆಶ್ರಯಧಾಮ, ರಕ್ಷಣಾ ಸಂಸ್ಥೆ

ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ, 1996ರಿಂದ ಪೀಪಲ್ ಫಾರ್ ಅನಿಮಲ್ಸ್ ಇವೆ. ಚಿಕ್ಕಪುಟ್ಟವು ಇನ್ನೂ ಎಷ್ಟೋ. ಹೊರಗಿನವರಿಗೆ ಕಾಣುವುದು ಡಾಕ್ಟರ್ ಮತ್ತು ರಕ್ಷಿಸುವವರು. ನಿಜವಾಗಿ ಜಾಗ ನಡೆಸುವವರು ಆಂಬ್ಯುಲೆನ್ಸ್ ಡ್ರೈವರ್, ಬೆಳಗ್ಗೆ ಐದಕ್ಕೆ ಗೂಡು ತೊಳೆಯುವ ಅಕ್ಕಂದಿರು, ಬಲೆ ಹಾಕಿ ನಾಯಿ ಹಿಡಿಯುವ ಹುಡುಗರು, ದೇಣಿಗೆ ಕೇಳುವವರು, ಲೆಕ್ಕ ಇಡುವವರು. ಸಂಬಳ ಕಡಿಮೆ, ಎರಡು ತಿಂಗಳು ತಡವಾಗುವುದೂ ಉಂಟು. ಸಂಸ್ಥೆಗೆ ಸೇರುವ ಮೊದಲು ಮೂರು ವಿಷಯ ಕೇಳಿ: ನೋಂದಣಿ ಇದೆಯಾ, ಪಿಎಫ್ ಕಟ್ಟುತ್ತಾರಾ, ತುಂಬಿದ ಮೇಲೆ ಹೊಸ ಪ್ರಾಣಿ ತೆಗೆದುಕೊಳ್ಳುವುದಿಲ್ಲ ಅನ್ನುವ ಧೈರ್ಯ ಇದೆಯಾ. ಮೂರನೆಯದು ಕೇಳಿದರೆ ವಿಚಿತ್ರ ಅನ್ನಿಸಬಹುದು. ನಲವತ್ತಕ್ಕೆ ಇರುವ ಜಾಗದಲ್ಲಿ ನೂರು ನಾಯಿ ತುಂಬಿಸಿದ ಕಡೆ ಒಂದು ಡಿಸ್ಟೆಂಪರ್ ಬಂದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಆ ವಾರ ನಾನು ಔಷಧಿ ಬಿಲ್‌ಗಿಂತ ಸುಣ್ಣದ ಬಿಲ್ ಜಾಸ್ತಿ ಬರೆದೆ.

ಹಾವು ಹಿಡಿಯುವುದನ್ನು ವೃತ್ತಿ ಮಾಡಿಕೊಳ್ಳುತ್ತೇನೆ ಅನ್ನುವ ಹುಡುಗರು ಈಗ ತುಂಬಾ. ಬೇಡ ಅನ್ನುವುದಿಲ್ಲ, ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿಯುವುದು ಅಪರಾಧ. ಹೆಡೆ ಹಿಡಿದು ವಿಡಿಯೊ ಮಾಡುವವರ ಬಳಿ ಕಲಿಯಬೇಡಿ. ನಾಗರಹಾವು, ಕೊಳಕುಮಂಡಲ ಯಾರ ಅಭಿಮಾನಿಯೂ ಅಲ್ಲ.

ಹಾಗಾದರೆ ಯಾವುದು?

ವೆಟರ್ನರಿಯೋ ಫಾರೆಸ್ಟೋ ಅಂತ ತೂಗುತ್ತಿದ್ದರೆ, ಸೀಟು ಸಿಗುವಂತಿದ್ದರೆ ವೆಟರ್ನರಿ ತಗೊಳ್ಳಿ. ಆ ಡಿಗ್ರಿ ಮೇಲೆ ಐಎಫ್‌ಎಸ್ ಬರೆಯಬಹುದು, ಬಿಎಸ್ಸಿ ಫಾರೆಸ್ಟ್ರಿ ಮಾಡಿ ಡಾಕ್ಟರ್ ಆಗಲು ಬರುವುದಿಲ್ಲ. ಆದರೆ ಇಪ್ಪತ್ತೊಂದಕ್ಕೇ ಸಂಬಳ ಬೇಕು, ಮೈಯಲ್ಲಿ ಕಸುವಿದೆ, ಓದು ಬೇಜಾರು ಅಂದರೆ ಗಸ್ತು ಅರಣ್ಯ ಪಾಲಕರ ಹುದ್ದೆ ಮರ್ಯಾದೆಯ ಕೆಲಸ, ಪಿಂಚಣಿ ನಿಯಮ ವಿಚಾರಿಸಿಕೊಂಡು ಸೇರಿ.

ಸಂಶೋಧನೆಯೋ ಇಲಾಖೆಯೋ ಅಂದರೆ, ನಿಮಗೆ "ಯಾಕೆ" ಅನ್ನುವ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತದಾ, "ಈಗ ಏನು ಮಾಡೋಣ" ಅನ್ನುವುದು ಕೆಡಿಸುತ್ತದಾ ನೋಡಿಕೊಳ್ಳಿ. ಮೊದಲನೆಯದಾದರೆ ಸಂಶೋಧನೆ. ಎರಡನೆಯದಾದರೆ ಖಾಕಿ.

ರಕ್ತ ನೋಡಿದರೆ ತಲೆ ತಿರುಗುತ್ತದೆ ಅನ್ನುವವರು ವೆಟರ್ನರಿ ಬಿಡಬೇಕಾಗಿಲ್ಲ, ಅದು ಎರಡು ತಿಂಗಳಲ್ಲಿ ಹೋಗುತ್ತದೆ ಅಂತ ಡಾಕ್ಟರುಗಳೇ ಹೇಳುತ್ತಾರೆ. ಜನರ ಜೊತೆ ಮಾತಾಡಲು ಆಗುವುದಿಲ್ಲ, ಅದಕ್ಕೇ ಪ್ರಾಣಿ ಇಷ್ಟ ಅನ್ನುವವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಮೇಲೆ ಹೇಳಿದ ಒಂದು ಕೆಲಸದಲ್ಲೂ ಜನರಿಂದ ಬಿಡುಗಡೆ ಇಲ್ಲ. ಹಸುವಿನ ಹಿಂದೆ ರೈತ ಇದ್ದಾನೆ, ಆನೆಯ ಹಿಂದೆ ಊರಿದೆ, ನಾಯಿಯ ಹಿಂದೆ ಜಗಳವಾಡುವ ಎರಡು ಮನೆ ಇವೆ. ಅಂಥವರಿಗೆ ಲ್ಯಾಬ್ ಅಥವಾ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳನ್ನು ವಿಂಗಡಿಸುವ ಕಂಪ್ಯೂಟರ್ ಕೆಲಸ ಹೊಂದಬಹುದು.

ಆಗಲೇ ಸಾಫ್ಟ್‌ವೇರ್‌ನಲ್ಲೋ ಬ್ಯಾಂಕಿನಲ್ಲೋ ಇದ್ದು "ಕೆಲಸ ಬಿಟ್ಟು ಬರಲಾ ಅಕ್ಕಾ" ಅನ್ನುವವರಿಗೆ ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ. ನಮ್ಮಲ್ಲಿ ಪ್ರತಿ ತಿಂಗಳು ಐದನೇ ತಾರೀಕು ತಪ್ಪದೆ ದುಡ್ಡು ಹಾಕುವ ಒಬ್ಬ ಹುಡುಗ ಇದ್ದಾನೆ. ಅವನ ಮುಖ ನಾನು ಎರಡೇ ಸಲ ನೋಡಿದ್ದು. ಅವನ ಒಬ್ಬನ ದುಡ್ಡಿನಲ್ಲಿ ಒಬ್ಬ ಕಾಂಪೌಂಡರ್ ಸಂಬಳ ನಡೆಯುತ್ತದೆ. ಅವನು ಕೆಲಸ ಬಿಟ್ಟು ಬಂದಿದ್ದರೆ ಗೂಡು ತೊಳೆಯಲು ಒಬ್ಬರು ಸಿಗುತ್ತಿದ್ದರು, ಕಾಂಪೌಂಡರ್ ಹೋಗುತ್ತಿದ್ದ.

ಅರ್ಜಿ ಹಾಕುವ ಮೊದಲು ಹದಿನೈದು ದಿನ ಕೊಡಿ. ನಿಮ್ಮ ಊರಿನ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರ್ ಹತ್ತಿರ ಕೇಳಿ, ಬೆಂಚಿನ ಮೇಲೆ ಕೂತು ನೋಡಲು ಹೆಚ್ಚಿನವರು ಬಿಡುತ್ತಾರೆ. ಒಂದು ದಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಹತ್ತಿರದಲ್ಲಿ ಕೋಳಿ ಫಾರಂ ಇದ್ದರೆ ಪರಿಚಯದವರ ಮೂಲಕ ಒಳಗೆ ಹೋಗಿ ನೋಡಿ ಬನ್ನಿ. ಕಾಡಂಚಿನಲ್ಲಿದ್ದರೆ ಗಸ್ತಿನ ಅರಣ್ಯ ಪಾಲಕರ ಜೊತೆ ಮಾತಾಡಿ. ಮಲೆನಾಡಿನವರು ಬೇಸಿಗೆಯಲ್ಲಿ ಕಾಡಿಗೆ ಇಳಿಯುವ ಮೊದಲು ಉಣ್ಣೆ ಕಚ್ಚದ ಹಾಗೆ ಮೈ ಮುಚ್ಚಿಕೊಳ್ಳಿ, ಅದರಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ.

ನಾಯಿ ಬೆಕ್ಕು ಮುಟ್ಟುವ ಯಾವ ಕೆಲಸಕ್ಕಾದರೂ ಮೊದಲು ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಕಚ್ಚಿದ ಮೇಲೆ ಅಲ್ಲ, ಮುಂಚೆಯೇ. ಮೂರು ಡೋಸ್, ಮುಗಿಯಲು ಮೂರು ನಾಲ್ಕು ವಾರ ಬೇಕು. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ನಮ್ಮಲ್ಲಿಗೆ ಬಂದರೆ ಗೇಟಿನಲ್ಲೇ ನಾನು ಅದನ್ನು ಕೇಳುತ್ತೇನೆ.